ಸಕ್ಕರೆಯ ಲೆಕ್ಕದಲ್ಲಿ ಬದುಕುವ ಹಕ್ಕಿ

ಮಳೆ ಹಿಂದೆ ಸರಿದು ಹಿತ್ತಲಿನ ಗಿಡಗಳು ಹೂ ಬಿಡುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಬಗೆಯ ವಿಡಿಯೊಗಳು ಬರತೊಡಗುತ್ತವೆ. ರತ್ನಗಂಧಿಯ ಮುಂದೆಯೋ ಲಂಟಾನದ ಮುಂದೆಯೋ ಕಂದು ಬಣ್ಣದ ಪುಟ್ಟ ಜೀವಿಯೊಂದು ಗಾಳಿಯಲ್ಲೇ ನಿಂತಿರುತ್ತದೆ. ರೆಕ್ಕೆ ಇರಬೇಕಾದ ಕಡೆ ಬರೀ ಮಸುಕು. ಉದ್ದನೆಯ ಏನೋ ಒಂದು ಹೂವಿನೊಳಗೆ ಇಳಿದಿರುತ್ತದೆ. ಕೆಳಗೆ ಪ್ರಶ್ನೆ: "ಮೇಡಂ, ನಮ್ಮನೆ ಹತ್ರ ಹಮ್ಮಿಂಗ್‌ಬರ್ಡ್ ಬಂದಿದೆ, ಇದು ಅಪರೂಪ ಅಲ್ವಾ?" ತೀರ್ಥಹಳ್ಳಿಯಿಂದ, ಧಾರವಾಡದಿಂದ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಿಂದ ಈ ಪ್ರಶ್ನೆ ಬಂದಿದೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಈ ವಾರ ಇಲ್ಲೇ ಬರೆಯುತ್ತಿದ್ದೇನೆ.

ಭಾರತದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ಏಷ್ಯಾದ ಬೇರೆ ಕಡೆಯೂ ಇಲ್ಲ, ಆಫ್ರಿಕಾ, ಯುರೋಪ್, ಆಸ್ಟ್ರೇಲಿಯಾಗಳಲ್ಲೂ ಇಲ್ಲ. ಇರುವ ಸುಮಾರು 360 ಪ್ರಭೇದಗಳಷ್ಟೂ ಅಮೆರಿಕ ಖಂಡಗಳವು. ಮೇಲೆ ಅಲಾಸ್ಕಾದಿಂದ ಕೆಳಗೆ ಟಿಯೆರಾ ಡೆಲ್ ಫ್ಯೂಗೊವರೆಗೆ ಅವುಗಳ ನೆಲೆ. ನಮ್ಮ ವಿಡಿಯೊಗಳಲ್ಲಿರುವುದು ಹೆಚ್ಚಿನಂಶ ಹಾಕ್‌ಮಾತ್ ಎಂಬ ಪತಂಗ. ವಿಡಿಯೊವನ್ನು ನಿಲ್ಲಿಸಿ ನೋಡಿ: ತಲೆಯ ಮೇಲೆ ಎರಡು ಕುಡಿಮೀಸೆ ಕಾಣುತ್ತವೆ. ಕೊಕ್ಕಿನಂತೆ ಕಂಡದ್ದು ಹೀರುನಳಿಕೆ. ಕೆಲಸ ಮುಗಿದ ಮೇಲೆ ಅದನ್ನು ಸುರುಳಿ ಸುತ್ತಿಕೊಂಡು ಪತಂಗ ಮುಂದಿನ ಹೂವಿಗೆ ಹೋಗುತ್ತದೆ. ಉಳಿದ ವಿಡಿಯೊಗಳಲ್ಲಿ ಸೂರಕ್ಕಿ ಇರುತ್ತದೆ. ದಾಸವಾಳದ ಮುಂದೆ ಒಂದೆರಡು ಕ್ಷಣ ರೆಕ್ಕೆ ಬಡಿಯುತ್ತ ನಿಲ್ಲಬಲ್ಲದಾದರೂ ಸೂರಕ್ಕಿಗೆ ಅದು ಒಗ್ಗುವ ಕೆಲಸವಲ್ಲ, ಕೂಡಲೇ ಕಡ್ಡಿ ಹಿಡಿದು ಕೂರುತ್ತದೆ. ಬಾಗಿದ ಕೊಕ್ಕು ಕಂಡರೆ ಸೂರಕ್ಕಿ, ಕುಡಿಮೀಸೆ ಕಂಡರೆ ಪತಂಗ. ಎರಡೂ ನಮ್ಮವೇ, ಎರಡೂ ನೋಡತಕ್ಕವೇ. ಹಾಕ್‌ಮಾತ್‌ನ ಮರಿಹುಳು ನಿಮ್ಮ ಗಿಡದ ನಾಲ್ಕು ಎಲೆ ತಿಂದಿತೆಂದು ಔಷಧಿ ಹೊಡೆಯಬೇಡಿ ಎಂಬುದಷ್ಟೇ ಈ ವಿಷಯದಲ್ಲಿ ನನ್ನ ಕೋರಿಕೆ.

ಹಾಗಾದರೆ ನಿಜವಾದ ಹಮ್ಮಿಂಗ್‌ಬರ್ಡ್ ಹೇಗಿರುತ್ತದೆ? ನಾನು ಅದನ್ನು ಹತ್ತಿರದಿಂದ ನೋಡಿದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ಅಕ್ಕನ ಮಗಳ ಮನೆಯ ಹಿತ್ತಲಲ್ಲಿ. ನೇರಳೆ ಹೂವಿನ ಸಾಲ್ವಿಯಾ ಪೊದೆ, ಪಕ್ಕದಲ್ಲಿ ಒಂದು ನಿಂಬೆ ಗಿಡ. "ಚಿಕ್ಕಮ್ಮ, ಅಲ್ಲಾಡದೆ ನಿಂತ್ಕೊಳ್ಳಿ. ಬೆಳಿಗ್ಗೆಯಿಂದ ನಿಂಬೆ ಗಿಡದ ಆ ಕಡ್ಡಿ ಮೇಲೆ ಕೂತು ಪೊದೆ ಕಾಯ್ತಿದೆ, ಈಗ ಇಳಿಯತ್ತೆ ನೋಡಿ" ಅಂದಳು. ಮೊದಲು ಸದ್ದು ಬಂತು, ಕಿವಿಯ ಪಕ್ಕದಲ್ಲೇ ಏನೋ ಗುಂಯ್‌ಗುಟ್ಟಿದ ಹಾಗೆ. ಆಮೇಲೆ ಹಕ್ಕಿ. ಆ ಭಾಗದಲ್ಲಿ ವರ್ಷವಿಡೀ ಇರುವ ಅನ್ನಾಸ್ ಹಮ್ಮಿಂಗ್‌ಬರ್ಡ್ ಅದು, ಗಂಡು. ತೂಕ ನಾಲ್ಕೂವರೆ ಗ್ರಾಂ ಆಸುಪಾಸು. ಬೆನ್ನು ಮಾಸಲು ಹಸಿರು, ತಲೆ ಮತ್ತು ಗಂಟಲು ಕಪ್ಪು. ಅದು ತುಸು ಕತ್ತು ಹೊರಳಿಸಿದ್ದೇ ತಡ, ಕಪ್ಪೆಲ್ಲ ಕಡುಗುಲಾಬಿಯಾಗಿ ಹೊತ್ತಿಕೊಂಡಿತು. ಇನ್ನಷ್ಟು ಹೊರಳಿಸಿತು, ಆರಿತು. ಒಂದು ಹೂವಿನಿಂದ ಕೊಕ್ಕು ಕೀಳಲು ನೇರ ಹಿಂದಕ್ಕೆ ಹಾರಿ, ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದು, ಮುಂದಿನ ಹೂವಿಗೆ ಕೊಕ್ಕು ಇಳಿಸಿತು. ಮೈ ಅಲುಗುತ್ತಿರಲಿಲ್ಲ, ತಲೆಯಂತೂ ಗಾಳಿಗೆ ಮೊಳೆ ಹೊಡೆದಂತೆ ಸ್ಥಿರವಾಗಿತ್ತು. ಸುತ್ತ ರೆಕ್ಕೆಗಳು ಮಾತ್ರ ಕಾಣದಷ್ಟು ವೇಗದಲ್ಲಿದ್ದವು.

ಆ ಗುಲಾಬಿ ಬಣ್ಣ ಗರಿಗೆ ಬಳಿದದ್ದಲ್ಲ. ಗರಿಯ ಅತಿ ಸಣ್ಣ ಎಳೆಗಳಲ್ಲಿ ಗಾಳಿಗುಳ್ಳೆಗಳಿರುವ ಚಪ್ಪಟೆ ಬಿಲ್ಲೆಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಬೆಳಕು ಆ ಪದರಗಳಿಗೆ ಬಡಿದು ವಾಪಸಾಗುವಾಗ ಯಾವುದೋ ಒಂದು ಬಣ್ಣ ಬಲಗೊಂಡು ಉಳಿದವು ಅಡಗುತ್ತವೆ. ಕೋನ ತಪ್ಪಿದರೆ ಆ ಬಣ್ಣವೂ ಇಲ್ಲ. ಗಂಡು ಯಾರಿಗೆ ತೋರಿಸಬೇಕೋ ಅವರತ್ತ ಮುಖ ಮಾಡಿದಾಗ ಮಾತ್ರ ಬೆಳಗುತ್ತದೆ, ಉಳಿದ ಹೊತ್ತು ಕಪ್ಪಗಿರುತ್ತದೆ.

ಹಮ್ಮಿಂಗ್‌ಬರ್ಡ್ ಎಂದರೆ ಹಾರುವ ರತ್ನ, ಹೂವಿನ ಗೆಳೆಯ, ಪ್ರೇಮದ ಸಂಕೇತ ಎಂಬ ಮಾತುಗಳೆಲ್ಲ ಸಾಕಷ್ಟು ಬಂದಿವೆ. ಅದನ್ನು ನೋಡುತ್ತ, ಅದರ ಬಗ್ಗೆ ಓದುತ್ತ ಹೋದಂತೆ ನನಗೆ ಗಟ್ಟಿಯಾದ ಭಾವನೆ ಬೇರೆಯದು. ಇದು ಹಸಿವಿನ ಅಂಚಿನಲ್ಲೇ ಜೀವಮಾನ ಕಳೆಯುವ ಹಕ್ಕಿ. ಒಂದು ಹಗಲು ಉಪವಾಸ ಬಿದ್ದರೆ ಇದಕ್ಕೆ ಉಳಿವಿಲ್ಲ. ನಾವು ಮೆಚ್ಚುವ ಅದರ ಒಂದೊಂದು ವಿಶೇಷವೂ, ಆ ನಿಲುವಾಗಲಿ, ನಾಲಿಗೆಯಾಗಲಿ, ನೆನಪಾಗಲಿ, ಜಗಳವಾಗಲಿ, ರಾತ್ರಿಯ ನಿದ್ದೆಯಾಗಲಿ, ಸಕ್ಕರೆಯ ಜಮಾಖರ್ಚು ಸರಿದೂಗಿಸಲು ಆ ಮೈ ಕಂಡುಕೊಂಡ ದಾರಿ.

ನಿಲುವಿನಿಂದಲೇ ಶುರು ಮಾಡೋಣ, ಖರ್ಚೆಲ್ಲ ಅಲ್ಲೇ ಆಗುವುದು. ನಿಮ್ಮ ಬಲಗೈಯನ್ನು ಪಕ್ಕಕ್ಕೆ ಚಾಚಿ, ಅಂಗೈ ನೆಲದ ಕಡೆಗಿರಲಿ. ಕೈಯನ್ನು ಮುಂದಕ್ಕೆ ಬೀಸಿ. ಈಗ ಅಂಗೈ ಆಕಾಶ ನೋಡುವ ಹಾಗೆ ಮಗುಚಿ ಹಿಂದಕ್ಕೆ ಬೀಸಿ. ಬೆರಳ ತುದಿ ಗಾಳಿಯಲ್ಲಿ ಅಡ್ಡಡ್ಡವಾಗಿ ಇಂಗ್ಲಿಷ್ ಎಂಟರ ಅಂಕಿ ಬರೆಯುತ್ತದೆ. ಹಮ್ಮಿಂಗ್‌ಬರ್ಡ್ ರೆಕ್ಕೆ ಮಾಡುವುದು ಇದನ್ನೇ, ಸೆಕೆಂಡಿಗೆ ನಲವತ್ತು ಐವತ್ತು ಸಲ. ಉಳಿದ ಹಕ್ಕಿಗಳು ರೆಕ್ಕೆಯನ್ನು ಕೆಳಕ್ಕೆ ಬಡಿದಾಗ ಮೇಲೇಳುತ್ತವೆ, ಎತ್ತಿಕೊಳ್ಳುವಾಗ ಮಡಚಿಕೊಳ್ಳುತ್ತವೆ. ಆ ಅರ್ಧ ಬರಿದೇ ಹೋಗುತ್ತದೆ. ಹಮ್ಮಿಂಗ್‌ಬರ್ಡ್ ಭುಜದ ಕೀಲಿನಲ್ಲೇ ರೆಕ್ಕೆಯನ್ನು ಮಗುಚುವುದರಿಂದ ವಾಪಸ್ ಬೀಸಿನಲ್ಲೂ ಅದಕ್ಕೆ ಆಧಾರ ಸಿಗುತ್ತದೆ. ಹಾಗಾದರೆ ಎರಡು ಬೀಸಿನಲ್ಲೂ ಅರ್ಧರ್ಧವೇ? ಕೀಟಗಳಲ್ಲಿ ಹಾಗೆ ಇರುವುದರಿಂದ ಇಲ್ಲೂ ಹಾಗೇ ಇರಬಹುದೆಂದು ಬಹುಕಾಲ ನಂಬಿದ್ದರು. ಡಗ್ಲಾಸ್ ವಾರಿಕ್, ಬ್ರೆಟ್ ಟೊಬಾಲ್ಸ್ಕಿ ಮತ್ತು ಡೊನಾಲ್ಡ್ ಪವರ್ಸ್ ಎಂಬ ಮೂವರು ವಿಜ್ಞಾನಿಗಳು ಆಲಿವ್ ಎಣ್ಣೆಯ ಅತಿ ಸೂಕ್ಷ್ಮ ಹನಿಗಳ ಮಂಜಿನಲ್ಲಿ ರೂಫಸ್ ಹಮ್ಮಿಂಗ್‌ಬರ್ಡ್‌ಗಳನ್ನು ಹಾರಿಸಿ, ಲೇಸರ್ ಬೆಳಕಿನಲ್ಲಿ ಆ ಹನಿಗಳು ಸುಳಿಯುವ ಬಗೆಯನ್ನು ಅಳೆದರು. 2005ರಲ್ಲಿ ಬಂದ ಅವರ ಲೆಕ್ಕದ ಪ್ರಕಾರ ಮುಂದಿನ ಬೀಸಿನಿಂದ ಶೇ. 75, ಹಿಂದಿನ ಬೀಸಿನಿಂದ ಶೇ. 25. ಪೂರ್ತಿ ಕೀಟವೂ ಅಲ್ಲದ, ಪೂರ್ತಿ ಹಕ್ಕಿಯಂತೆಯೂ ಅಲ್ಲದ ಹಾರಾಟ. ಇಷ್ಟು ಮಾಡಲು ಮೈತೂಕದ ಕಾಲುಭಾಗಕ್ಕೂ ಹೆಚ್ಚು ಹಾರಾಟದ ಸ್ನಾಯುಗಳಿಗೇ ಹೋಗಿದೆ. ಕಾಲಿಗೆ ಉಳಿದದ್ದು ಅತ್ಯಲ್ಪ: ಕಡ್ಡಿ ಹಿಡಿದು ಕೂರಬಲ್ಲದು, ಕೂತಲ್ಲೇ ತುಸು ಸರಿಯಬಲ್ಲದು, ನಡೆಯಲಾರದು.

ನಿಲುವಿಗೆ ತಗಲುವ ಖರ್ಚು ಊಹೆಗೆ ಮೀರಿದ್ದು. ಹಮ್ಮಿಂಗ್‌ಬರ್ಡ್ ಒಂದರ ಹೃದಯ ನಿಮಿಷಕ್ಕೆ 1,260 ಸಲ ಬಡಿದದ್ದು ದಾಖಲಾಗಿದೆ. ದಿನಕ್ಕೆ ಕುಡಿಯುವ ಮಕರಂದ ತನ್ನದೇ ತೂಕವನ್ನು ಮೀರುವುದುಂಟು. ನಮ್ಮ ಮನೆಗಳಲ್ಲಿ ಶುಗರ್ ಟೆಸ್ಟ್ ಎಂದರೆ ಎಲ್ಲರಿಗೂ ಗೊತ್ತಲ್ಲ, ಆ ಅಳತೆಯಲ್ಲಿ ಹೇಳುವುದಾದರೆ ಈ ಹಕ್ಕಿಯ ರಕ್ತದಲ್ಲಿ ಸಕ್ಕರೆ ಖಾಲಿ ಹೊಟ್ಟೆಯಲ್ಲೇ ಸುಮಾರು 300, ಮಕರಂದ ಕುಡಿದ ಮೇಲೆ 700 ದಾಟುತ್ತದೆ. ಮನುಷ್ಯನಾದರೆ ನೇರ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಹಕ್ಕಿಗೆ ಅದು ಮಾಮೂಲು, ಏಕೆಂದರೆ ಆ ಸಕ್ಕರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದೇ ಇಲ್ಲ.

ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಕಂಡುಹಿಡಿದ ಪ್ರಯೋಗ ನನಗೆ ಬಹಳ ಇಷ್ಟ, ಕಬ್ಬಿನ ನಾಡಿನವರಿಗೂ ಇಷ್ಟವಾದೀತು. ಕಬ್ಬಿನಿಂದ ತೆಗೆದ ಸಕ್ಕರೆ, ಬೀಟ್ ಗೆಡ್ಡೆಯಿಂದ ತೆಗೆದ ಸಕ್ಕರೆ, ರುಚಿಗೆ ಎರಡೂ ಒಂದೇ. ಆದರೆ ಈ ಎರಡು ಗಿಡಗಳು ಗಾಳಿಯಿಂದ ಇಂಗಾಲ ಹಿಡಿಯುವ ವಿಧಾನ ಬೇರೆ ಬೇರೆ, ಹಾಗಾಗಿ ಅವುಗಳ ಸಕ್ಕರೆಯಲ್ಲಿ ಭಾರದ ಇಂಗಾಲ ಮತ್ತು ಹಗುರ ಇಂಗಾಲದ ಪಾಲು ಬೇರೆ. ಕೆನೆತ್ ವೆಲ್ಚ್ ಮತ್ತು ಸಂಗಡಿಗರು ಹಮ್ಮಿಂಗ್‌ಬರ್ಡ್‌ಗಳಿಗೆ ಕೆಲವು ಕಾಲ ಬೀಟ್ ಸಕ್ಕರೆಯ ನೀರನ್ನೇ ಕುಡಿಸಿ ಸಾಕಿದರು. ಆಮೇಲೆ ಒಮ್ಮೆಲೇ ಕಬ್ಬಿನ ಸಕ್ಕರೆಗೆ ಬದಲಿಸಿದರು. ಹಕ್ಕಿ ನಿಂತು ಕುಡಿಯುವಾಗ ಬಿಟ್ಟ ಉಸಿರನ್ನು ಹಿಡಿದು ನೋಡಿದರೆ ಮುಕ್ಕಾಲು ಗಂಟೆ ಕಳೆಯುವುದರೊಳಗೆ ಉಸಿರಿನಲ್ಲಿ ಬರುತ್ತಿದ್ದುದು ಬಹುಪಾಲು ಕಬ್ಬಿನ ಇಂಗಾಲ. ಅಂದರೆ ಈಗ ಕುಡಿದ ಸಕ್ಕರೆಯಿಂದಲೇ ಈಗಿನ ಹಾರಾಟ ನಡೆಯುತ್ತಿದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಮುಟ್ಟುತ್ತಿಲ್ಲ. ಪಳಗಿದ ಓಟಗಾರ ದಾರಿಯುದ್ದಕ್ಕೂ ಗ್ಲೂಕೋಸ್ ಕುಡಿದರೂ ಅವನ ಶಕ್ತಿಯಲ್ಲಿ ಮೂರನೇ ಒಂದು ಪಾಲು ಅದರಿಂದ ಬಂದರೆ ಹೆಚ್ಚು.

ಗಳಿಕೆ ಇಷ್ಟು ಬೇಗ ಖರ್ಚಾಗುವುದಾದರೆ ಗಳಿಸುವ ವೇಗವೂ ಹಾಗೇ ಇರಬೇಕಲ್ಲ. ನಾಲಿಗೆಯ ಕಥೆ ಅಲ್ಲಿ ಬರುತ್ತದೆ. 1833ರಿಂದ ಪುಸ್ತಕಗಳಲ್ಲಿದ್ದ ವಿವರಣೆ ಇದು: ಈ ಹಕ್ಕಿಯ ನಾಲಿಗೆಯಲ್ಲಿ ಎರಡು ಸಪೂರ ಕಾಲುವೆಗಳಿವೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಮಕರಂದ ಅವುಗಳಲ್ಲಿ ತಾನಾಗಿ ಏರುತ್ತದೆ. ಕೇಳಲು ಸಲೀಸು, ಯಾರೂ ತಕರಾರು ಮಾಡಲಿಲ್ಲ. ಆದರೆ ಹಕ್ಕಿ ಸೆಕೆಂಡಿಗೆ ಹದಿನೈದು ಇಪ್ಪತ್ತು ಸಲ ನೆಕ್ಕುತ್ತದೆ. ದ್ರವ ತಾನಾಗಿ ಏರಲು ಅಷ್ಟು ಪುರುಸೊತ್ತು ಎಲ್ಲಿದೆ? ಕೊಲಂಬಿಯಾದಿಂದ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಅಲೆಹಾಂದ್ರೊ ರೀಕೊ ಗೆವಾರಾ ಮತ್ತು ಪ್ರಾಧ್ಯಾಪಕಿ ಮಾರ್ಗರೆಟ್ ರುಬೇಗಾ ಪಾರದರ್ಶಕ ಕೃತಕ ಹೂಗಳನ್ನು ಮಾಡಿ ಅತಿ ವೇಗದ ಕ್ಯಾಮೆರಾ ಇಟ್ಟರು. 2011ರಲ್ಲಿ ಅವರು ತೋರಿಸಿದ್ದು ಯಾರೂ ಊಹಿಸದ ನೋಟ. ನಾಲಿಗೆಯ ತುದಿ ಮಕರಂದದೊಳಗೆ ಎರಡಾಗಿ ಸೀಳುತ್ತದೆ, ಅಂಚಿನ ಜಾಲರಿಗಳು ಬಿಚ್ಚಿಕೊಳ್ಳುತ್ತವೆ. ಹೊರಗೆ ಎಳೆದಾಗ ಅವು ಮಕರಂದದ ಹನಿಯನ್ನು ಒಳಗಿಟ್ಟು ಸುತ್ತಿಕೊಳ್ಳುತ್ತವೆ. 2015ರಲ್ಲಿ ಇನ್ನೊಂದು ಸಂಗತಿ ಸೇರಿತು. ನಾಲಿಗೆ ಹೊರಗೆ ಬರುವಾಗ ಕೊಕ್ಕಿನ ತುದಿ ಅದನ್ನು ಅದುಮಿ ಚಪ್ಪಟೆ ಮಾಡುತ್ತದೆ. ಮಕರಂದ ಮುಟ್ಟಿದೊಡನೆ ಅದುಮಿದ ಕಾಲುವೆಗಳು ತಮ್ಮ ಸ್ಥಿತಿಸ್ಥಾಪಕ ಗುಣದಿಂದ ಅರಳಿ ಮಕರಂದವನ್ನು ಒಳಕ್ಕೆ ಸೆಳೆಯುತ್ತವೆ. ಒಂದು ಪುಟಾಣಿ ಪಂಪು. ನೂರೆಂಬತ್ತು ವರ್ಷ ಎಲ್ಲರೂ ಒಪ್ಪಿಕೊಂಡಿದ್ದ ಮಾತನ್ನು ಹಕ್ಕಿಯನ್ನೇ ಕೇಳಿ ನೋಡೋಣ ಎಂದ ಅವರ ಹಟವನ್ನು ನಾನು ಮೆಚ್ಚುತ್ತೇನೆ.

ಈ ನಾಲಿಗೆಗೆ ಸಿಹಿ ಗೊತ್ತಾಗುವುದೂ ಒಂದು ವಿಸ್ಮಯ. ಸಸ್ತನಿಗಳಲ್ಲಿ ಸಿಹಿ ಗುರುತಿಸುವ ಗ್ರಾಹಕಕ್ಕೆ ಬೇಕಾದ ವಂಶವಾಹಿ ಹಕ್ಕಿಗಳ ವಂಶದಲ್ಲಿ ಕಳೆದುಹೋಗಿದೆ. ಕೋಳಿಗೆ ಸಕ್ಕರೆ ಹಾಕಿದರೂ ಅದಕ್ಕೆ ವ್ಯತ್ಯಾಸವಿಲ್ಲ. ಮಾಡ್ ಬಾಲ್ಡ್ವಿನ್ ಮತ್ತು ಸಂಗಡಿಗರು 2014ರಲ್ಲಿ ಕಂಡುಕೊಂಡಂತೆ, ಮಾಂಸದ ಬಗೆಯ ರುಚಿ ಹಿಡಿಯುವ ಇನ್ನೊಂದು ಗ್ರಾಹಕ ಹಮ್ಮಿಂಗ್‌ಬರ್ಡ್‌ಗಳಲ್ಲಿ ಬದಲಾಗುತ್ತ ಬದಲಾಗುತ್ತ ಸಕ್ಕರೆಯನ್ನು ಗುರುತಿಸಲು ಕಲಿತಿದೆ. ಪೂರ್ವಿಕರು ಕೀಟ ತಿನ್ನುವ ಹಕ್ಕಿಗಳು. ಈಗಲೂ ಇವು ಕೀಟ ಬಿಟ್ಟಿಲ್ಲ. ನೊಣ, ಗುಂಗಾಡು, ಸಣ್ಣ ಜೇಡಗಳನ್ನು ಹಿಡಿಯದೆ ಮೈಗೆ ಪ್ರೋಟೀನ್ ಸಿಗುವುದಿಲ್ಲ. ಬರೀ ಮಕರಂದ ಕುಡಿದು ಬದುಕುತ್ತವೆ ಎಂಬುದು ತಪ್ಪು ತಿಳಿವಳಿಕೆ.

ಸಾಲ್ವಿಯಾ ಪೊದೆಯ ಕಾವಲುಗಾರನಿಗೆ ಬರೋಣ. ನಾನು ನೋಡುತ್ತಿದ್ದಾಗಲೇ ಇನ್ನೊಂದು ಹಮ್ಮಿಂಗ್‌ಬರ್ಡ್ ಬೇಲಿ ದಾಟಿ ಬಂತು. ಇದು ಕಡ್ಡಿಯಿಂದ ಚಿಮ್ಮಿ, ಚಿಟಿಚಿಟಿ ಕಿರುಚುತ್ತ, ಅದನ್ನು ಬೀದಿಯಾಚೆಗೆ ಅಟ್ಟಿತು. ಮರಳಿ ಅದೇ ಕಡ್ಡಿಯ ಮೇಲೆ ಬಂದು ಕೂತಿತು. ಸೌಮ್ಯ ಹಕ್ಕಿ ಎಂದು ತಿಳಿದವರಿಗೆ ಇದು ಬೆರಗು ಹುಟ್ಟಿಸುತ್ತದೆ. ಹೂವಿನ ಪೊದೆಯೇ ಅದರ ಇವತ್ತಿನ ಜೀವ, ಅದನ್ನು ಹಂಚಿಕೊಳ್ಳುವ ಸ್ಥಿತಿಯಲ್ಲಿ ಅದಿಲ್ಲ. ಯಾವ ಹೂವಿನಲ್ಲಿ ಆಗಲೇ ಕುಡಿದಾಯಿತು, ಯಾವುದು ಮತ್ತೆ ತುಂಬಿರಬಹುದು ಎಂಬುದನ್ನೂ ಅದು ನೆನಪಿಟ್ಟಿರಬೇಕು, ಬರಿದಾದ ಹೂವಿನ ಮುಂದೆ ನಿಂತರೆ ಖರ್ಚು ಮಾತ್ರ ಉಳಿಯುತ್ತದೆ. ಸೂಸನ್ ಹೀಲಿ, ಆಂಡ್ರ್ಯೂ ಹರ್ಲಿ ಮತ್ತಿತರರು ಕೆನಡಾದ ರಾಕಿ ಪರ್ವತಗಳಲ್ಲಿ ಇದನ್ನು ಪರೀಕ್ಷೆಗಿಟ್ಟರು. ಎಂಟು ಕೃತಕ ಹೂಗಳು. ನಾಲ್ಕನ್ನು ಖಾಲಿಯಾದ 10 ನಿಮಿಷಕ್ಕೆ ತುಂಬಿಸುತ್ತಿದ್ದರು, ಉಳಿದ ನಾಲ್ಕನ್ನು 20 ನಿಮಿಷಕ್ಕೆ. ಕಾಡಿನಲ್ಲಿ ಸ್ವತಂತ್ರವಾಗಿ ಓಡಾಡುವ ರೂಫಸ್ ಗಂಡುಗಳು ಆಯಾ ಹೂವಿನ ಅವಧಿಯನ್ನು ಕಲಿತು ಅದಕ್ಕೆ ತಕ್ಕಂತೆ ಬರತೊಡಗಿದವು. ಯಾವ ಹೂ, ಎಲ್ಲಿದೆ, ಕೊನೆಗೆ ಯಾವಾಗ ಕುಡಿದೆ, ಮೂರೂ ಆ ಪುಟ್ಟ ಮಿದುಳಿನಲ್ಲಿ ದಾಖಲಾಗಿದ್ದವು.

ಇದೆಲ್ಲ ಹಗಲಿನ ಮಾತು. ಕತ್ತಲಾದ ಮೇಲೆ ಹೂ ಹುಡುಕುವ ಹಾಗಿಲ್ಲ, ಬೆಳಗಿನವರೆಗೆ ಹತ್ತು ಹನ್ನೆರಡು ಗಂಟೆ ಕಳೆಯಬೇಕು. ನಾಲ್ಕು ಗ್ರಾಂ ಮೈ ಚಳಿಯಲ್ಲಿ ಬಿಸಿ ಕಾಯ್ದುಕೊಂಡರೆ ಕೂಡಿಟ್ಟದ್ದೆಲ್ಲ ನಡುರಾತ್ರಿಗೇ ಮುಗಿದೀತು. ಹಾಗಾಗಿ ಹಲವು ಹಮ್ಮಿಂಗ್‌ಬರ್ಡ್‌ಗಳು ರಾತ್ರಿ ತಮ್ಮ ಒಲೆಯನ್ನು ಬಹುತೇಕ ಆರಿಸಿಬಿಡುತ್ತವೆ. ಹಗಲು 40 ಡಿಗ್ರಿ ಸೆಲ್ಸಿಯಸ್ ಹತ್ತಿರವಿರುವ ಮೈ ತಣ್ಣಗಾಗುತ್ತ ಇಳಿಯುತ್ತದೆ, ಸಾವಿರದ ಲೆಕ್ಕದಲ್ಲಿದ್ದ ಹೃದಯಬಡಿತ ನಿಮಿಷಕ್ಕೆ ಐವತ್ತರ ಆಸುಪಾಸಿಗೆ ಬರುತ್ತದೆ, ಉಸಿರಾಟ ಕಂಡೂ ಕಾಣದಂತಾಗುತ್ತದೆ. ಪೆರುವಿನ ಆಂಡಿಸ್‌ನಲ್ಲಿ 3,800 ಮೀಟರ್ ಎತ್ತರದಲ್ಲಿ ಅಳತೆ ಮಾಡಿದ ಬ್ಲೇರ್ ವುಲ್ಫ್, ಆಂಡ್ರ್ಯೂ ಮಕೆಕ್ನಿ ಮತ್ತಿತರರ ತಂಡ 2020ರಲ್ಲಿ ಪ್ರಕಟಿಸಿದ ಅಂಕಿ ನೋಡಿ: ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಹಮ್ಮಿಂಗ್‌ಬರ್ಡ್ ಒಂದರ ಮೈ 3.3 ಡಿಗ್ರಿವರೆಗೆ ಇಳಿದಿತ್ತು. ಫ್ರಿಜ್ಜಿನೊಳಗಿನ ತಂಪು. ಮುಟ್ಟಿದರೆ ಸತ್ತ ಹಕ್ಕಿ ಎನ್ನಬೇಕು. ಬೆಳಗಿನ ಜಾವ ಅದು ಸ್ನಾಯುಗಳನ್ನು ನಡುಗಿಸಿ ನಡುಗಿಸಿ ಮೈ ಬಿಸಿ ಮಾಡಿಕೊಂಡು, ರೆಕ್ಕೆಗೆ ಬಲ ಬಂದೊಡನೆ ಮೊದಲ ಹೂವಿಗೆ ಹಾರುತ್ತದೆ. ಹಮ್ಮಿಂಗ್‌ಬರ್ಡ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮನಸ್ಸನ್ನು ಅತಿ ಹೆಚ್ಚು ತಟ್ಟಿದ್ದು ಇದೇ. ಪ್ರತಿ ರಾತ್ರಿ ಸಾವಿನ ಹತ್ತಿರಕ್ಕೆ ಹೋಗಿ ಬರುವುದನ್ನು ಅದು ದಿನಚರಿ ಮಾಡಿಕೊಂಡಿದೆ.

ಲೆಕ್ಕ ಮುಂಚಿತವಾಗಿ ಹಾಕಬೇಕಾದಾಗ ಅದಕ್ಕೂ ಅವು ಸಿದ್ಧ. ಅಮೆರಿಕದ ಪೂರ್ವ ಭಾಗದ ರೂಬಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್ ಮಾಮೂಲಾಗಿ ಮೂರು ಗ್ರಾಂ ತೂಗುತ್ತದೆ. ಚಳಿಗಾಲಕ್ಕೆ ದಕ್ಷಿಣಕ್ಕೆ ಹೊರಡುವ ಮುನ್ನ ತಿಂದು ತಿಂದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಹೆಚ್ಚಿದ್ದೆಲ್ಲ ಕೊಬ್ಬು. ಅದನ್ನು ಉರಿಸಿಕೊಂಡು ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿಲೋಮೀಟರನ್ನು ಎಲ್ಲೂ ಇಳಿಯದೆ ದಾಟಬಲ್ಲದು. ಇಡೀ ಕುಟುಂಬದಲ್ಲಿ ಅತಿ ಚಿಕ್ಕದು ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್, ಜಗತ್ತಿನ ಹಕ್ಕಿಗಳಲ್ಲೇ ಅತಿ ಚಿಕ್ಕದು. ತೂಕ ಎರಡು ಗ್ರಾಂ, ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಹಗುರ. ಆಂಡಿಸ್‌ನ ಸ್ವೋರ್ಡ್ ಬಿಲ್ಡ್ ಹಮ್ಮಿಂಗ್‌ಬರ್ಡ್‌ಗೆ ಬಾಲ ಬಿಟ್ಟು ಉಳಿದ ಮೈಗಿಂತ ಉದ್ದದ ಕೊಕ್ಕಿದೆ. ಅಷ್ಟೇ ಆಳದ ನಳಿಕೆಯಿರುವ ಪ್ಯಾಶನ್ ಹೂವಿನ ಜೊತೆ ಅದರ ಬಾಳ್ವೆ. ಕೊಕ್ಕಿನಿಂದ ಗರಿ ತೀಡಿಕೊಳ್ಳಲಾಗದೆ ಅದು ಕಾಲಿನಿಂದ ಕೆರೆದುಕೊಳ್ಳುತ್ತದೆ.

ಗೂಡು, ಮೊಟ್ಟೆ, ಮರಿ ಎಲ್ಲ ಹೆಣ್ಣಿನ ಪಾಲು. ಗಂಡು ಮುಗಿಲಿಗೇರಿ, ಅಲ್ಲಿಂದ ಧುಮುಕಿ, ಬಾಲದ ಗರಿಗಳ ಅಂಚಿನಿಂದ ಚಿಂವ್ ಎಂಬ ಸದ್ದು ಹೊರಡಿಸಿ ತನ್ನ ಪ್ರತಾಪ ತೋರಿಸಿ ಹೋಗುತ್ತದೆ. ಅನ್ನಾಸ್ ಗಂಡಿನ ಈ ಧುಮುಕನ್ನು ಕ್ರಿಸ್ಟೋಫರ್ ಕ್ಲಾರ್ಕ್ ಅಳೆದಿದ್ದಾರೆ, ಸೆಕೆಂಡಿಗೆ ತನ್ನ ಮೈಯುದ್ದದ 385 ಪಟ್ಟು. ನೋಡಲು ಬಲು ಚೆನ್ನ. ಆದರೆ ನನ್ನ ಗೌರವ ಹೆಣ್ಣಿಗೆ. ತನ್ನ ಹೊಟ್ಟೆಗೇ ಹಗಲಿಡೀ ಸಾಲದ ಹೊತ್ತಿನಲ್ಲಿ ಅದು ಜೇಡನ ಬಲೆಯ ಎಳೆ ಕಿತ್ತು ತಂದು, ಹತ್ತಿಯಂಥ ಗಿಡದ ನಾರು ಸೇರಿಸಿ, ಹೊರಗೆ ಕಲ್ಲುಹೂ ಅಂಟಿಸಿ ಗೂಡು ಕಟ್ಟುತ್ತದೆ. ಮರಿಗಳು ಬೆಳೆದಂತೆ ಜೇಡನ ಎಳೆ ಹಿಗ್ಗಿ ಗೂಡು ದೊಡ್ಡದಾಗುತ್ತದೆ. ಮೊಟ್ಟೆ ಎರಡೇ. ಜೇಡನ ಎಳೆಯಿಂದ ಗೂಡು ಬಿಗಿಯುವ ಜಾಣತನ ನಮ್ಮ ಸೂರಕ್ಕಿಗೂ ಇದೆ, ಯಾರಿಂದ ಯಾರೂ ಕಲಿತದ್ದಲ್ಲ.

ಸೂರಕ್ಕಿ ಹಮ್ಮಿಂಗ್‌ಬರ್ಡ್‌ನ ದಾಯಾದಿಯೂ ಅಲ್ಲ. ಹಮ್ಮಿಂಗ್‌ಬರ್ಡ್‌ನ ಹತ್ತಿರದ ಬಂಧುಗಳು ಸ್ವಿಫ್ಟ್‌ಗಳು, ನಮ್ಮ ಹಳೆಯ ಗುಡಿ ಗೋಪುರಗಳ ಸುತ್ತ ಸಂಜೆ ಹೊತ್ತು ಗುಂಪಾಗಿ ಕೂಗುತ್ತ ಸುತ್ತುವವು. ಸೂರಕ್ಕಿ ಗುಬ್ಬಚ್ಚಿ, ಮುನಿಯಾಗಳ ಗುಂಪಿನದು. ಮಕರಂದವನ್ನು ನಂಬಿ ಬದುಕಿದ್ದರಿಂದ ಎರಡಕ್ಕೂ ಉದ್ದ ಕೊಕ್ಕು, ಮಿನುಗುವ ಗರಿ ಬಂದಿವೆ. ಹೂಗಳೂ ಅದಕ್ಕೆ ತಕ್ಕಂತೆ ಬೆಳೆದಿವೆ. ನಮ್ಮ ಮುತ್ತುಗ, ಹಾಲುವಾಣ, ಬೂರುಗಗಳಲ್ಲಿ ಹಕ್ಕಿ ಕೂತು ಕುಡಿಯಲು ಗಟ್ಟಿ ತೊಟ್ಟು, ರೆಂಬೆ ಇವೆ. ಅಮೆರಿಕದ ಎಷ್ಟೋ ಹಮ್ಮಿಂಗ್‌ಬರ್ಡ್ ಹೂಗಳು ಗಾಳಿಗೆ ಮುಖ ಮಾಡಿ ತೂಗುತ್ತವೆ, ಕೂರಲು ಅಲ್ಲಿ ಎಡೆಯಿಲ್ಲ. ಇಷ್ಟಾದರೂ ಹಳೆಯ ಜಗತ್ತಿಗೆ ಹಮ್ಮಿಂಗ್‌ಬರ್ಡ್ ಪೂರಾ ಅಪರಿಚಿತವೇನಲ್ಲ. ಜರ್ಮನಿಯ ಫ್ರೌವೆನ್‌ವೈಲರ್ ಎಂಬಲ್ಲಿ ಮೂರು ಕೋಟಿ ವರ್ಷಕ್ಕೂ ಹಳೆಯ ಮಣ್ಣಿನಲ್ಲಿ ಉದ್ದ ಕೊಕ್ಕಿನ, ನಿಂತು ಹಾರಬಲ್ಲ ರೆಕ್ಕೆಮೂಳೆಯ ಪಳೆಯುಳಿಕೆ ಸಿಕ್ಕಿದ್ದು, 2004ರಲ್ಲಿ ಗೆರಾಲ್ಡ್ ಮಾಯರ್ ಅದನ್ನು ವಿವರಿಸಿದರು. ಯುರೋಪಿನಲ್ಲಿ ಒಂದು ಕಾಲಕ್ಕೆ ಇದ್ದವು, ಅಲ್ಲಿ ಅಳಿದವು, ದಕ್ಷಿಣ ಅಮೆರಿಕದಲ್ಲಿ ನೆಲೆಯೂರಿ ನೂರಾರು ಪ್ರಭೇದಗಳಾದವು.

ಸತ್ತ ಹಮ್ಮಿಂಗ್‌ಬರ್ಡ್ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಅವುಗಳ ಚರ್ಮ, ಗರಿಗಳ ವ್ಯಾಪಾರ ಜೋರಾಗಿತ್ತು, ಹೆಂಗಸರ ಟೋಪಿಗಳಿಗೆ ಸಿಕ್ಕಿಸುತ್ತಿದ್ದರು. ಪಕ್ಷಿಗಳ ಚಿತ್ರಪುಸ್ತಕಗಳಿಗೆ ಹೆಸರಾದ ಜಾನ್ ಗೂಲ್ಡ್ 1851ರಲ್ಲಿ ಲಂಡನ್ ಮೃಗಾಲಯದಲ್ಲಿ ತಾನು ಕೂಡಿಟ್ಟ ಹಮ್ಮಿಂಗ್‌ಬರ್ಡ್‌ಗಳ ಪ್ರದರ್ಶನ ಏರ್ಪಡಿಸಿದ. ಅವುಗಳ ಮೇಲೆ ಹಲವು ಸಂಪುಟಗಳ ಗ್ರಂಥವನ್ನೇ ಹೊರತರುತ್ತಿದ್ದ ಆತ ಜೀವಂತ ಹಮ್ಮಿಂಗ್‌ಬರ್ಡ್ ನೋಡಿದ್ದು 1857ರಲ್ಲಿ, ಫಿಲಡೆಲ್ಫಿಯಾಕ್ಕೆ ಹೋದಾಗ. ಗಾಜಿನ ಪೆಟ್ಟಿಗೆಯಲ್ಲಿ ಬಣ್ಣ ಉಳಿಯುತ್ತದೆ, ಹಸಿವು ಉಳಿಯುವುದಿಲ್ಲ. ಈ ಹಕ್ಕಿಯ ಗುಟ್ಟೆಲ್ಲ ಹಸಿವಿನಲ್ಲಿದೆ. 

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಈ ಅಂಕಣ ಓದುತ್ತೀರೆಂದು ಗೊತ್ತು. ನಿಮ್ಮಲ್ಲಿ ಹಲವರ ಹಿತ್ತಲಲ್ಲಿ ಕೆಂಪು ಫೀಡರ್ ನೇತಾಡುತ್ತಿರುತ್ತದೆ. ನಾಲ್ಕು ಪಾಲು ನೀರಿಗೆ ಒಂದು ಪಾಲು ಬಿಳಿ ಸಕ್ಕರೆ ಸಾಕು. ಪ್ರೀತಿಯಿಂದ ಬೆಲ್ಲ ಹಾಕಬೇಡಿ, ಅದರಲ್ಲಿರುವ ಕಬ್ಬಿಣ ಅವಕ್ಕೆ ಆಗುವುದಿಲ್ಲ. ಜೇನುತುಪ್ಪ ಬೇಡ, ಬೂಸ್ಟು ಬೆಳೆಯುತ್ತದೆ. ಕೆಂಪು ಬಣ್ಣ ಬೆರೆಸುವ ಅಗತ್ಯವೇ ಇಲ್ಲ. ಬಿಸಿಲುಗಾಲದಲ್ಲಿ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಫೀಡರ್ ಉಜ್ಜಿ ತೊಳೆದು, ಹೊಸದು ತುಂಬಿ. ಕಿಟಕಿಗೆ ಮೂರು ಅಡಿಯೊಳಗೆ ತೂಗುಹಾಕಿದರೆ ಹಕ್ಕಿ ವೇಗದಲ್ಲಿ ಗಾಜಿಗೆ ಬಡಿಯುವ ಅಪಾಯ ಕಡಿಮೆ. ಚಳಿಯ ಬೆಳಿಗ್ಗೆ ಫೀಡರಿಗೆ ತಲೆಕೆಳಗಾಗಿ ಜೋತುಬಿದ್ದ ಹಕ್ಕಿ ಕಂಡರೆ ಸತ್ತಿದೆಯೆಂದು ಕೀಳಬೇಡಿ, ಬಿಸಿಲು ಏರುವವರೆಗೆ ಬಿಟ್ಟುಬಿಡಿ. ಹಿತ್ತಲಿಗೆ ಕೀಟನಾಶಕ ಹೊಡೆಸಬೇಡಿ, ಮರಿಗಳಿಗೆ ತಾಯಿ ತಂದು ಕೊಡುವುದು ಆ ಕೀಟಗಳನ್ನೇ. ತೊಳೆಯಲು ಪುರುಸೊತ್ತಿಲ್ಲದವರು ಫೀಡರ್ ಇಳಿಸಿ, ಆ ಜಾಗದಲ್ಲಿ ನಿಮ್ಮ ಊರಿನದೇ ಜಾತಿಯ ಒಂದು ಸಾಲ್ವಿಯಾ ನೆಡಿ.